ಅನಿಯತ ಕ್ರಿಯಾರೂಪಗಳ ಅಳಿವು–ಉಳಿವು: ಇಂಗ್ಲಿಷಿನ ನಿದರ್ಶನ

ವ್ಯಾಕರಣ ಪಠ್ಯಗಳು ಇಂಗ್ಲಿಷಿನ ಅನಿಯತ ಕ್ರಿಯಾಪದಗಳನ್ನು ಸಾಮಾನ್ಯವಾಗಿ ನಿಯಮಕ್ಕೆ ಅಪವಾದಗಳೆಂದು ಪಟ್ಟಿಮಾಡುತ್ತವೆ. ಬೋಧನೆಯ ದೃಷ್ಟಿಯಿಂದ ಇದು ಅನುಕೂಲಕರವಾದರೂ ಚಾರಿತ್ರಿಕವಾಗಿ ಅಪೂರ್ಣವಾದುದು. ‘ಸಿಂಗ್–ಸ್ಯಾಂಗ್–ಸಂಗ್’ ಎಂಬಲ್ಲಿ ಕಾಣುವ ಸ್ವರವ್ಯತ್ಯಾಸವು ಜರ್ಮಾನಿಕ್ ಭಾಷೆಗಳಲ್ಲಿ ಒಂದು ಕಾಲಕ್ಕೆ ವ್ಯವಸ್ಥಿತ ನಿಯಮವೇ ಆಗಿತ್ತು. ಯಾಕೋಬ್ ಗ್ರಿಮ್ ಇಂತಹ ಧಾತುಗಳನ್ನು ‘ಪ್ರಬಲ’ವೆಂದೂ, ದಂತ್ಯ ಪ್ರತ್ಯಯದಿಂದ ಭೂತಕಾಲವನ್ನು ಸೂಚಿಸುವ ಧಾತುಗಳನ್ನು ‘ದುರ್ಬಲ’ವೆಂದೂ ಹೆಸರಿಸಿದನು. ಮುಂದೆ ದುರ್ಬಲ ವರ್ಗದ ಪ್ರತ್ಯಯವೇ ಸಾರ್ವತ್ರಿಕವಾಯಿತು. ಹಳೆಯ ನಿಯಮದ ಅವಶೇಷಗಳು ಅಪವಾದಗಳೆನಿಸಿದವು.

ಎರೆಜ್ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಈ ಸ್ಥಿತ್ಯಂತರಕ್ಕೆ ಅಂಕಿಅಂಶಗಳ ಆಧಾರ ಒದಗಿಸಿತು. ಅವರು ಆಯ್ದುಕೊಂಡ ಪ್ರಾಚೀನ ಇಂಗ್ಲಿಷಿನ 177 ಅನಿಯತ ಧಾತುಗಳ ಪೈಕಿ ಮಧ್ಯಕಾಲೀನ ಇಂಗ್ಲಿಷಿನಲ್ಲಿ 145, ಆಧುನಿಕ ಇಂಗ್ಲಿಷಿನಲ್ಲಿ 98 ಮಾತ್ರ ಅನಿಯತವಾಗಿ ಉಳಿದಿವೆ. ‘ಹೆಲ್ಪ್’ ಧಾತುವಿನ ‘ಹೋಲ್ಪ್’ ರೂಪ ಮರೆಯಾಗಿ ‘ಹೆಲ್ಪ್ಡ್’ ನೆಲೆಗೊಂಡಿತು. ಬಳಕೆ ನೂರು ಪಟ್ಟು ವಿರಳವಾದ ಧಾತುವು ಹತ್ತು ಪಟ್ಟು ಶೀಘ್ರವಾಗಿ ನಿಯತಗೊಳ್ಳುತ್ತದೆ ಎಂಬುದು ಆ ಅಧ್ಯಯನದ ಮುಖ್ಯ ನಿಷ್ಕರ್ಷೆ. ಪದೇಪದೇ ಕಿವಿಗೆ ಬೀಳುವ ರೂಪ ಸ್ಮೃತಿಯಲ್ಲಿ ಉಳಿಯುತ್ತದೆ; ವಿರಳವಾದುದು ನೆನಪಿಗೆ ಬಾರದಿದ್ದಾಗ ಭಾಷಿಕನು ನಿಯಮದ ಮೊರೆಹೋಗುತ್ತಾನೆ. ಆದುದರಿಂದಲೇ ‘ಗೋ’, ‘ಸೀ’, ‘ಟೇಕ್’ ಮುಂತಾದವು ಇಂದಿಗೂ ಅನಿಯತವಾಗಿವೆ.

ಆದರೆ ಈ ಚಲನೆ ಏಕಮುಖವಾದುದಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ‘ಡಿಗ್’ ಧಾತುವಿನ ಭೂತರೂಪ ‘ಡಿಗ್ಡ್’ ಎಂದಿದೆ. ಇಂದಿನ ಶಿಷ್ಟರೂಪ ‘ಡಗ್’. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ‘ಸ್ನೀಕ್ಡ್’ ಜೊತೆಗೆ ‘ಸ್ನಕ್’ ಹುಟ್ಟಿಕೊಂಡಿತು. ಇನ್ನು ‘ಮೇಕ್’ ಧಾತುವಿನ ‘ಮೇಡ್’ ರೂಪ ಮೂಲತಃ ನಿಯತವೇ. ಉಚ್ಚಾರಣೆಯ ಸವೆತದಿಂದ ಅದು ಅನಿಯತವಾಗಿ ತೋರುತ್ತದೆ. ಅಂದರೆ ಸಾದೃಶ್ಯ ಮತ್ತು ಧ್ವನಿವ್ಯತ್ಯಾಸಗಳು ಅನಿಯತತೆಯನ್ನು ಅಳಿಸುವುದೂ ಉಂಟು, ಸೃಷ್ಟಿಸುವುದೂ ಉಂಟು.

ಚರಿತ್ರೆ ಬೇರೆಯಾದರೂ ಕನ್ನಡದಲ್ಲಿ ಇದಕ್ಕೆ ಹೋಲುವ ಸ್ಥಿತಿಯಿದೆ. ‘ಬರು–ಬಂದ’, ‘ಸಾಯು–ಸತ್ತ’, ‘ಕೀಳು–ಕಿತ್ತ’ ಮುಂತಾದ ದೇಸಿ ಧಾತುಗಳು ವಿಶಿಷ್ಟ ಭೂತರೂಪಗಳನ್ನು ಕಾಯ್ದುಕೊಂಡಿವೆ. ‘ಆರಂಭಿಸು’ವಿನಂತೆ ‘ಇಸು’ ಪ್ರತ್ಯಯ ಪಡೆದು ಬಂದ ಎರವಲು ಧಾತುಗಳು ‘ಆರಂಭಿಸಿದ’ ಎಂಬ ನಿಯತ ಮಾದರಿಗೆ ಒಳಪಡುತ್ತವೆ.

ಇಂದು ಶಿಷ್ಟವೆನಿಸಿದ ‘ಹೆಲ್ಪ್ಡ್’ ಒಂದು ಕಾಲಕ್ಕೆ ಹೊಸಬಳಕೆಯೇ ಆಗಿತ್ತು. ಆದ್ದರಿಂದ ಆಡುನುಡಿಯಲ್ಲಿ ಸಾದೃಶ್ಯದಿಂದ ಹುಟ್ಟಿದ ರೂಪವನ್ನು ತಪ್ಪೆಂದು ತಳ್ಳಿಹಾಕುವ ಮೊದಲು ಅದರ ಹಿಂದಿನ ಕ್ರಮವನ್ನು ಗುರುತಿಸುವುದು ವ್ಯಾಕರಣ ಬೋಧನೆಯ ಹೊಣೆಯಾಗುತ್ತದೆ.