ದುಡಿಯುವವರ ಆಹಾರವೂ ದೇಹಬಲವೂ

ನಾಟಿಯ ಕಾಲದಲ್ಲಿ ಆಳುಗಳು ಹಿಂದಿನಂತೆ ದುಡಿಯುವುದಿಲ್ಲವೆಂಬ ದೂರು ಜಮೀನಿನ ಯಜಮಾನರಲ್ಲಿ ಕೇಳಿಬರುವುದುಂಟು. ಹೊತ್ತು ನೆತ್ತಿಗೇರುವುದಕ್ಕೆ ಮೊದಲೇ ನಾಟಿಯ ಹೆಂಗಸರು ಬದುವಿನ ಮೇಲೆ ಕುಳಿತುಬಿಟ್ಟರೆ, ಅದನ್ನು ಮೈಗಳ್ಳತನವೆಂದು ನಿರ್ಣಯಿಸುವವರೇ ಹೆಚ್ಚು. ಎತ್ತು ಸೊರಗಿದರೆ ಅದಕ್ಕೆ ಹಾಕಿದ ಹಿಂಡಿ ಹುಲ್ಲುಗಳ ವಿಚಾರವನ್ನು ಮೊದಲು ಕೇಳುವ ಯಜಮಾನರು, ಆಳು ಸೊರಗಿದಾಗ ಉಂಡದ್ದೇನೆಂದು ವಿಚಾರಿಸುವುದು ಅಪರೂಪ.

ಕುಳಿತು ಕೆಲಸಮಾಡುವ ಗಂಡಸಿಗೆ ದಿನವೊಂದಕ್ಕೆ 2110 ಕ್ಯಾಲೊರಿಗಳಷ್ಟು ಶಕ್ತಿ ಸಾಕೆಂದೂ, ಕಷ್ಟದ ದುಡಿಮೆ ಮಾಡುವವನಿಗೆ 3470 ಬೇಕೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿತು. ಈ ವ್ಯತ್ಯಾಸವನ್ನು ಧಾನ್ಯದಿಂದಲೇ ತುಂಬಬಹುದು. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಮೈಗೆ ಬಲ ಬಂದಿತೆಂದು ತಿಳಿಯತಕ್ಕದ್ದಲ್ಲ. ಇದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಮುಖ್ಯರು. ಅವರು 1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ, ಭಾರತದ ನಾನಾ ಪ್ರಾಂತಗಳ ಜನರು ಉಣ್ಣುವ ಊಟಗಳನ್ನೇ ಇಲಿಗಳಿಗೆ ಹಾಕಿ ನೋಡಿದರು. ಇಡಿ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳುಳ್ಳ ಪಂಜಾಬಿನ ಊಟದಿಂದ ಇಲಿಗಳು ಪುಷ್ಟವಾಗಿ ಬೆಳೆದವು. ಅಕ್ಕಿಯೇ ಪ್ರಧಾನವಾದ ದಕ್ಷಿಣದ ಊಟದಿಂದ ಅವು ಕೃಶವಾದವು.

ಈ ಫಲಕ್ಕೆ ಅಕ್ಕಿಯನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಅದರೊಡನೆ ಹಾಲು, ಬೇಳೆ, ಸೊಪ್ಪುಗಳು ಎಷ್ಟಿದ್ದವೆಂಬುದೂ ಲೆಕ್ಕಕ್ಕೆ ಬರುತ್ತದೆ. ಆದರೂ ಗಿರಣಿಯಲ್ಲಿ ಬೆಳ್ಳಗೆ ಮಾಡಿಸಿದ ಅಕ್ಕಿಯ ದೋಷ ಸ್ಪಷ್ಟವಾಗಿದೆ. ನರಗಳಿಗೂ ಹೃದಯಕ್ಕೂ ಅಗತ್ಯವಾದ ಬಿ1 ಜೀವಸತ್ವದ ಬಹುಭಾಗವು ತೌಡಿನಲ್ಲಿರುತ್ತದೆ. ತೌಡು ಎಮ್ಮೆಗೆ, ಬಿಳಿಯ ಅಕ್ಕಿ ಮನೆಯವರಿಗೆ ಎಂಬ ಏರ್ಪಾಟಿನಲ್ಲಿ ಎಮ್ಮೆಗೇ ಲಾಭ! ಉಳಿದಷ್ಟು ಸತ್ವವೂ ಅಕ್ಕಿ ತೊಳೆದ ನೀರಿನಲ್ಲಿಯೂ ಬಸಿದ ಗಂಜಿಯಲ್ಲಿಯೂ ಹೊರಟುಹೋಗುತ್ತದೆ. ಇಂತಹ ಅನ್ನವನ್ನೇ ನೆಚ್ಚಿದ್ದ ಆಂಧ್ರದ ಕರಾವಳಿಯಲ್ಲಿ ಹಿಂದೆ ಬೆರಿಬೆರಿ ರೋಗವು ನೆಲೆಸಿದ್ದಿತು. ಕುಚ್ಚಲಕ್ಕಿಯನ್ನು ಉಣ್ಣುವವರಲ್ಲಿ ಅದು ವಿರಳ. ಭತ್ತವನ್ನು ಬೇಯಿಸುವಾಗ ಹೊರಪದರದ ಸತ್ವವು ಕಾಳಿನೊಳಕ್ಕೆ ಇಳಿಯುವುದೇ ಇದಕ್ಕೆ ಕಾರಣ.

ಹಳೆಯ ಮೈಸೂರು ಸೀಮೆಯವರಿಗೆ ರಾಗಿಯ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಬಿಳಿಯ ಅಕ್ಕಿಯಲ್ಲಿ ಅದು 10ರ ಆಸುಪಾಸಿನಲ್ಲಿದೆ. ಕಬ್ಬಿಣದ ಅಂಶವು ರಾಗಿಯಲ್ಲಿ ಸುಮಾರು 4 ಮಿಲಿಗ್ರಾಂ, ಅಕ್ಕಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಮುದ್ದೆಯನ್ನು ಬರಿಯ ಕಾರದ ನೀರಿನೊಡನೆ ನುಂಗಿದರೆ ಈ ಲಾಭವು ಪೂರ್ತಿಯಾಗಿ ಕೈಗೆ ಸಿಕ್ಕುವುದಿಲ್ಲ. ರಾಗಿಯ ಸಿಪ್ಪೆಯಲ್ಲಿರುವ ಕೆಲವು ಪದಾರ್ಥಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು, ರಕ್ತಕ್ಕೆ ಸೇರದಂತೆ ತಡೆಯುತ್ತವೆ. ರಾಗಿಯನ್ನು ಮೊಳಕೆ ಕಟ್ಟಿಸಿದರೆ ಈ ಹಿಡಿತವು ಸಡಿಲವಾಗುತ್ತದೆ. ಊಟದೊಡನೆ ನಿಂಬೆಯ ರಸವೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣವು ಹೆಚ್ಚಾಗಿ ಮೈಗೆ ಹತ್ತುತ್ತದೆ. ರಾಗಿಯ ಸಸಾರಜನಕದಲ್ಲಿರುವ ಕೊರತೆಯನ್ನು ಹುರುಳಿ, ಅವರೆ, ಅಲಸಂದೆಗಳು ತುಂಬುತ್ತವೆ. ಈ ವಿಷಯದಲ್ಲಿ ಬಸ್ಸಾರು ಮಾಡುವ ಹೆಂಗಸರ ಪದ್ಧತಿಯು ಮೆಚ್ಚತಕ್ಕದ್ದು: ಕಾಳು ಸೊಪ್ಪುಗಳನ್ನು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಲ್ಲಿಯೇ ಸಾರು ಮಾಡುವುದರಿಂದ, ನೀರಿಗೆ ಇಳಿದ ಸತ್ವವು ನಷ್ಟವಾಗುವುದಿಲ್ಲ.

ಕಬ್ಬಿಣದ ಕೊರತೆಯನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ಉಸಿರಾಟದಿಂದ ಬಂದ ಪ್ರಾಣವಾಯುವನ್ನು ಮಾಂಸಖಂಡಗಳಿಗೆ ಒಯ್ಯುವ ರಕ್ತದ ಕೆಂಪು ಪದಾರ್ಥವು ಕಬ್ಬಿಣವಿಲ್ಲದೆ ಉಂಟಾಗದು. ಅದು ಕಡಿಮೆಯಾದಾಗ ಮನಸ್ಸಿದ್ದರೂ ಮೈ ಬಗ್ಗದು. ಸ್ವಲ್ಪ ದುಡಿಮೆಗೇ ಏದುಸಿರು ಬರುವುದು. ಕರ್ನಾಟಕದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯುಂಟೆಂದು ಕಂಡಿತು. ಬದುವಿನ ಮೇಲೆ ಕುಳಿತವಳು ಇವರಲ್ಲಿ ಒಬ್ಬಳಾಗಿರಬಾರದೆಂದೇನೂ ಇಲ್ಲ. ಇಂಡೊನೇಶಿಯಾ ದೇಶದ ರಬ್ಬರು ತೋಟಗಳಲ್ಲಿ ನಡೆದು 1979ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇಲ್ಲಿ ಉಪಯುಕ್ತವಾಗಿದೆ. ಅಲ್ಲಿ ರಕ್ತಹೀನರಾದ ಕೆಲಸಗಾರರು ಇತರರಿಗಿಂತ ಕಡಿಮೆ ರಬ್ಬರು ಹಾಲನ್ನು ಇಳಿಸುತ್ತಿದ್ದರು. ಎರಡು ತಿಂಗಳು ಕಬ್ಬಿಣದ ಔಷಧಿಯನ್ನು ಕೊಟ್ಟ ಮೇಲೆ ಅವರ ಉತ್ಪತ್ತಿಯೂ ಕೂಲಿಯೂ ಏರಿದವು.

ಆದುದರಿಂದ ನಾಟಿ, ಕಳೆ, ಕೊಯ್ಲುಗಳ ದಿನಗಳಲ್ಲಿ ಹೊಲಕ್ಕೆ ಊಟ ಕಳುಹಿಸುವ ಯಜಮಾನರು ಅನ್ನದ ರಾಶಿಯನ್ನು ಹೆಚ್ಚಿಸುವುದಕ್ಕಿಂತ ಕಾಳನ್ನೂ ನುಗ್ಗೆ, ದಂಟು ಮೊದಲಾದ ಸೊಪ್ಪನ್ನೂ ಹೆಚ್ಚಿಸುವುದು ಲೇಸು. ಖರ್ಚಿನ ಮಾತು ಬಂದರೆ, ನುಗ್ಗೆಯ ಮರವು ಬದುವಿನಲ್ಲಿಯೇ ಬೆಳೆಯತಕ್ಕದ್ದು. ಊಟವಾದ ಕೂಡಲೇ ಚಹಾ ಕೊಡುವ ಉಪಚಾರವನ್ನು ಒಂದು ಗಂಟೆಯಾದರೂ ಮುಂದೂಡಬೇಕು. ಚಹಾದ ಒಗರು ಉಂಡ ಸೊಪ್ಪಿನ ಕಬ್ಬಿಣವನ್ನು ಕೆಡಿಸುತ್ತದೆ. ಮಲವಿಸರ್ಜನೆಯಿಂದ ಕೆಟ್ಟ ನೆಲದಲ್ಲಿ ಬರಿಗಾಲಿನಲ್ಲಿ ನಡೆಯುವವರಿಗೆ ಕೊಕ್ಕೆಹುಳುವಿನ ಬಾಧೆಯೂ ಉಂಟು. ಆ ಹುಳು ಕರುಳಿನಲ್ಲಿದ್ದು ರಕ್ತ ಹೀರುವವರೆಗೆ ಉತ್ತಮ ಊಟವೂ ಸಾಲದು. ಮುಖ ಬಿಳಿಚಿಕೊಂಡವರನ್ನು ನಾಟಿಗೆ ಎರಡು ತಿಂಗಳು ಮುಂಚೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ರಕ್ತಪರೀಕ್ಷೆ ಮಾಡಿಸುವುದು ಊರಿನ ಮುಖಂಡರಿಗೆ ಕಷ್ಟವಾದ ಕೆಲಸವಲ್ಲ. ಅಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳಿಂದ ಮಲವು ಕಪ್ಪಾಗುವುದನ್ನು ಕಂಡು ಹೆದರಿ, ಅನೇಕರು ನಾಲ್ಕೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಅದು ಮಾತ್ರೆಯ ಸ್ವಭಾವವೇ ಹೊರತು ರೋಗವಲ್ಲವೆಂದು ಅವರಿಗೆ ಮೊದಲೇ ತಿಳಿಸತಕ್ಕದ್ದು.