ಮಳಿಗೆಯಲ್ಲಿ ಯಾರು ನಿಲ್ಲಬೇಕು?

ಪ್ರಶ್ನೆ: ನಮ್ಮದು ಲಕ್ಕೂರು ಹೋಬಳಿಯ ಒಂದು ಹಳ್ಳಿ. ಸಂಜೀವಿನಿ ಒಕ್ಕೂಟಕ್ಕೆ ಸೇರಿದ ನಮ್ಮ ಸಂಘದವರು ರಾಗಿ ಹುರಿಹಿಟ್ಟು, ಮೊಳಕೆ ರಾಗಿ ಮಾಲ್ಟ್, ಮಾವಿನ ಉಪ್ಪಿನಕಾಯಿ ಮಾಡಿ ಮಾಲೂರಿನಲ್ಲಿ ಮಾರುತ್ತೇವೆ. ಈ ಸಲ ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳದಲ್ಲಿ ಮಳಿಗೆ ಸಿಗುವ ಹಾಗಿದೆ. ನಾನು ಮನೆಯಲ್ಲಿ ತೆಲುಗು ಮಾತಾಡುವವಳು. ಕನ್ನಡವೂ ಹಳ್ಳಿಯದು, ಇಂಗ್ಲಿಷ್ ಬರುವುದೇ ಇಲ್ಲ. ನನ್ನ ಓರಗಿತ್ತಿಯ ಮಗ ಬಿ.ಕಾಂ. ಓದಿದ್ದಾನೆ, ಚುರುಕಾಗಿ ಮಾತಾಡುತ್ತಾನೆ, ಅವನನ್ನೇ ಕೂರಿಸಿ ಅನ್ನುತ್ತಿದ್ದಾರೆ. ಹಿಂದೆ ಒಂದು ಸಣ್ಣ ಮೇಳದಲ್ಲಿ ಬೆಲೆಯ ವಿಚಾರಕ್ಕೆ ನಮ್ಮ ನಮ್ಮಲ್ಲೇ ಜಗಳವಾಯಿತು. ಲೆಕ್ಕವೂ ತಾಳೆಯಾಗದೆ ಬಹಳ ದಿನ ಮಾತು ಬಿಟ್ಟಿದ್ದೆವು. ಏನು ಮಾಡಲಿ?
– ಹೆಸರು ಬೇಡ, ಲಕ್ಕೂರು

ಉತ್ತರ: ಅಮ್ಮಾ, ಮೇಜಿನ ಮುಂದೆ ನೀವೇ ನಿಲ್ಲಿ. ಹುಡುಗ ಬರಲಿ, ಬಿಲ್ಲು ಬರೆಯಲಿ, ದುಡ್ಡು ಎಣಿಸಲಿ. ಇಂಗ್ಲಿಷಿನಲ್ಲಿ ಕೇಳುವವರು ಬಂದರೆ ನಡುವೆ ನಿಂತು ಹೇಳಲಿ. ಆದರೆ ರಾಗಿ ಎಷ್ಟು ಹೊತ್ತು ನೆನೆಸಿದಿರಿ, ಮೊಳಕೆ ಎಷ್ಟು ಬಂದಿತ್ತು, ನೆರಳಲ್ಲಿ ಒಣಗಿಸಿದಿರೋ ಬಿಸಿಲಲ್ಲೋ ಎಂದು ಕೇಳಿದರೆ ಅವನು ನಿಮ್ಮ ಮುಖ ನೋಡಬೇಕಾಗುತ್ತದೆ. ಕೊಳ್ಳಲು ಬಂದವರಿಗೆ ಅದು ತಕ್ಷಣ ತಿಳಿಯುತ್ತದೆ. ನಿಮ್ಮ ಕನ್ನಡದ ಬಗ್ಗೆ ಸಂಕೋಚ ಬೇಡ. ಪಕ್ಕದ ಹೋಬಳಿ ಮಾಸ್ತಿಯ ಹೆಸರನ್ನು ನಾಡಿಗೆಲ್ಲ ತಿಳಿಸಿದ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದದ್ದು ಕನ್ನಡದಲ್ಲಿ ಬರೆದಿದ್ದಕ್ಕೆ.

ಕೃಷಿ ಮೇಳದ ಜನ ಬೇರೆ, ಮಾಲೂರಿನ ಗಿರಾಕಿಗಳು ಬೇರೆ. ಸಾಮಾನ್ಯವಾಗಿ ನವೆಂಬರಿನಲ್ಲಿ ನಾಲ್ಕು ದಿನ ನಡೆಯುವ ಆ ಮೇಳಕ್ಕೆ ಬಸ್ಸು ಬಸ್ಸು ರೈತರು ಬರುತ್ತಾರೆ, ಕಾಲೇಜು ಹುಡುಗರು ಬರುತ್ತಾರೆ, ರಜೆಯ ದಿನ ನಗರದ ಸಂಸಾರಗಳು ಬರುತ್ತವೆ. ರೈತರು ರುಚಿ ನೋಡಿ, ಕೊಳ್ಳದೆ, 'ಯಾವ ತಳಿ?' ಎಂದು ಕೇಳುತ್ತಾರೆ. ಬೇಸರ ಪಡಬೇಡಿ. ಎಂಎಲ್-365, ಜಿಪಿಯು-28 ಎರಡೂ ಈ ಮೇಳ ನಡೆಸುವ ಕೃಷಿ ವಿಶ್ವವಿದ್ಯಾಲಯದ್ದೇ ರಾಗಿ ತಳಿಗಳು. ನಿಮ್ಮದು ಅದರಲ್ಲಿ ಒಂದಾಗಿದ್ದರೆ ಹೇಳಿ, ನಾಟಿ ರಾಗಿಯಾಗಿದ್ದರೆ ಅದನ್ನೇ ಹೇಳಿ. ಗೊತ್ತಿಲ್ಲದಿದ್ದರೆ ಹೊರಡುವ ಮೊದಲು ರಾಗಿ ಕೊಟ್ಟವರನ್ನು ಕೇಳಿಕೊಳ್ಳಿ.

ನಗರದವರ ಪ್ರಶ್ನೆ ಒಂದೇ: 'ಶುಗರ್‌ಗೆ ಒಳ್ಳೇದಾ?' ಇಲ್ಲಿ ಬಾಯಿ ಜಾರುತ್ತದೆ. ಪಕ್ಕದ ಮಳಿಗೆಯವರು 'ಶುಗರ್ ವಾಸಿಯಾಗುತ್ತೆ' ಎಂದು ಕೂಗುತ್ತಿದ್ದರೂ ನೀವು ಹೇಳಬೇಡಿ. ರೋಗ ವಾಸಿ ಮಾಡುತ್ತದೆ ಎಂದು ಆಹಾರ ಮಾರುವುದನ್ನು ಕಾನೂನು ಒಪ್ಪುವುದಿಲ್ಲ. ನಿಜವೇ ಬೇಕಾದಷ್ಟಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಬೆಲ್ಲ ಹಾಕಿದ್ದು, ಹಾಕದ್ದು ಎರಡು ಫ್ಲಾಸ್ಕಿನಲ್ಲಿ ಮಾಲ್ಟ್ ಇಟ್ಟು, ಯಾವುದು ಬೇಕೆಂದು ಕೇಳಿ ಚಿಕ್ಕ ಲೋಟದಲ್ಲಿ ಕೊಡಿ. ಉಪ್ಪಿನಕಾಯಿಯನ್ನು ಚಮಚದಲ್ಲೇ ಬಡಿಸಿ. ದುಡ್ಡು ಮುಟ್ಟಿದ ಕೈ ತಿನಿಸು ಮುಟ್ಟಬಾರದು. ಜನ ಇದನ್ನು ನೋಡುತ್ತಾರೆ, ಬಾಯಿಬಿಟ್ಟು ಹೇಳದೆ ಮುಂದಿನ ಮಳಿಗೆಗೆ ಹೋಗುತ್ತಾರೆ.

ಪೊಟ್ಟಣದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಏನೇನು ಹಾಕಿದೆ, ಹಸಿರು ಚುಕ್ಕೆ, ವಿಳಾಸ, ಫೋನು ಎಲ್ಲ ಇರಲಿ. ಚೀಟಿಯನ್ನು ಅಚ್ಚಿಗೆ ಕೊಡುವ ಮೊದಲು ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಸಾವಿರ ಚೀಟಿ ಅಚ್ಚಾದ ಮೇಲೆ ತಪ್ಪು ಕಂಡರೆ ಪೆನ್ನಿನಲ್ಲಿ ತಿದ್ದುತ್ತಾ ಕೂರಬೇಕು.

ಇನ್ನು ಜಗಳದ ವಿಚಾರ. ಒಬ್ಬರು 120 ಎಂದಾಗ ಇನ್ನೊಬ್ಬರು ಹಿಂದಿನಿಂದ 'ನೂರಕ್ಕೆ ಕೊಡಕ್ಕಾ' ಅಂದರೆ ಗಿರಾಕಿ ನಗುತ್ತಾನೆ, ಮೊದಲು ಹೇಳಿದವಳಿಗೆ ಅವಮಾನ. ಎಷ್ಟಕ್ಕೆ ಮಾರಬೇಕು, ಎರಡು ಪೊಟ್ಟಣ ಕೊಂಡವರಿಗೆ ಎಷ್ಟು ಬಿಡಬೇಕು, ಕೊನೆಯ ದಿನ ಏನು ಎಂಬುದನ್ನು ಊರಿನಲ್ಲೇ ಸಂಘದ ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಇರಬೇಕು. ಒಬ್ಬಳ ಫೋನಿಗೆ ದುಡ್ಡು ಬಂದರೆ, ಅವಳು ಎಷ್ಟೇ ಪ್ರಾಮಾಣಿಕಳಾದರೂ ಸಂಜೆ ಹೊತ್ತಿಗೆ ಅನುಮಾನ ಶುರು. ಎಷ್ಟು ಪೊಟ್ಟಣ ತೆಗೆದುಕೊಂಡು ಹೋದಿರಿ, ಎಷ್ಟು ಉಳಿಯಿತು, ರುಚಿಗೆ ಎಷ್ಟು ಒಡೆದಿರಿ ಎಂಬುದನ್ನು ದಿನಾ ರಾತ್ರಿ ಎಲ್ಲರ ಮುಂದೆ ಬರೆಯಿರಿ. ರುಚಿಗೆ ಒಡೆದದ್ದನ್ನು ಬರೆಯಲು ಮರೆಯುವುದರಿಂದಲೇ ಎಷ್ಟೋ ಲೆಕ್ಕ ತಪ್ಪುತ್ತದೆ. ಚಿಲ್ಲರೆ ನೋಟು ಊರಿನಿಂದಲೇ ತನ್ನಿ.

ನಾಲ್ಕು ಜನ ಬಂದರೆ ಇಬ್ಬಿಬ್ಬರು ಸರದಿಯಲ್ಲಿ ನಿಲ್ಲಿ. ಊಟ ಮಳಿಗೆಯ ಹಿಂದೆ ಬೇಡ, ಹೊರಗೆ ಹೋಗಿ ನೆಮ್ಮದಿಯಾಗಿ ಮಾಡಿ. ಪಕ್ಕದ ಮಳಿಗೆಯಲ್ಲಿ ಮಾತಾಡುತ್ತಿರುವ ಗಿರಾಕಿಯನ್ನು ಕರೆಯಬೇಡಿ. ನೀವು ನೀರಿಗೆ ಹೋದಾಗ ನಿಮ್ಮ ಸಾಮಾನು ನೋಡಿಕೊಳ್ಳುವವರು ಆ ಮಳಿಗೆಯವರೇ.

ನನ್ನ ಕಣ್ಣಿಗೆ ಇಡೀ ಮೇಳದಲ್ಲಿ ಬಹಳ ಮುಖ್ಯವಾದ ಗಿರಾಕಿ ಏನೂ ಕೊಳ್ಳದೆ 'ತಿಂಗಳಿಗೆ ಎಷ್ಟು ಕೊಡ್ತೀರಿ?' ಎಂದು ಕೇಳುವ ಅಂಗಡಿಯವರು. ಖುಷಿಯಲ್ಲಿ 'ಎಷ್ಟು ಬೇಕಾದರೂ' ಅಂದುಬಿಡಬೇಡಿ. ಮನೆಗೆಲಸ, ಹೊಲ, ಹಸು ಎಲ್ಲ ಮುಗಿಸಿ ನೀವು ನಿಜಕ್ಕೂ ಎಷ್ಟು ಕಿಲೋ ಹುರಿಯಬಲ್ಲಿರಿ ಎಂದು ಮೊದಲೇ ಲೆಕ್ಕ ಹಾಕಿಕೊಂಡು ಹೋಗಿ. ಅವರ ಹೆಸರು, ಫೋನು, ಕೇಳಿದ ಪ್ರಮಾಣವನ್ನು ಒಂದು ನೋಟ್‌ಬುಕ್ಕಿನಲ್ಲಿ ಅವರ ಎದುರೇ ಬರೆಯಿರಿ. ಊರಿಗೆ ಮರಳಿದ ವಾರದೊಳಗೆ ಫೋನು ಮಾಡಿ, ಒಂದು ಕಾಲು ಕಿಲೋ ಪೊಟ್ಟಣ ಕಳಿಸಿ. ತಿಂಗಳಾದ ಮೇಲೆ ಮಾಡಿದರೆ 'ಯಾವ ಲಕ್ಕೂರು?' ಅನ್ನುತ್ತಾರೆ.