ನೀಟ್ ತಯಾರಿಯಲ್ಲಿ ಓದಿನ ಪಾತ್ರ: ವಿದ್ಯಾರ್ಥಿಗಳಿಗೂ ಹೆತ್ತವರಿಗೂ ಕೆಲವು ಸೂಚನೆಗಳು

ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವ ಪಿಯುಸಿ ವಿಜ್ಞಾನದ ಮಕ್ಕಳಲ್ಲಿ ಅನೇಕರ ಗುರಿ ವೈದ್ಯಕೀಯ ಶಿಕ್ಷಣ. ಹೆತ್ತವರು ಮೊದಲು ಕೇಳುವುದು, "ಯಾವ ಕೋಚಿಂಗ್‌ಗೆ ಸೇರಿಸಬೇಕು?" ಎಂದು. ಮಗ ಅಥವಾ ಮಗಳು ಪಠ್ಯಪುಸ್ತಕದ ಒಂದು ಪುಟವನ್ನು ಸ್ವತಃ ಓದಿ ಅರ್ಥ ಮಾಡಿಕೊಳ್ಳಬಲ್ಲರೇ ಎಂಬುದನ್ನು ಅದಕ್ಕೂ ಮೊದಲು ನೋಡಿ ಎಂದು ನಾವು ಹೇಳುತ್ತೇವೆ. ಸರಕಾರಿ ಸೀಟು ಕೆಲವೇ ಅಂಕಗಳಲ್ಲಿ ತಪ್ಪಿದರೆ ಖಾಸಗಿ ಸೀಟಿನ ಶುಲ್ಕಕ್ಕಾಗಿ ಸಾಲ ಮಾಡಬೇಕಾದ ಕುಟುಂಬಗಳು ನಮ್ಮಲ್ಲಿವೆ. ಆ ಅಂಕಗಳಲ್ಲಿ ಒಂದಷ್ಟು ಕೈತಪ್ಪುವುದು ಓದಿನಲ್ಲೇ.

ಪರೀಕ್ಷೆಯ ಲೆಕ್ಕ

2025ರಿಂದ ನೀಟ್‌ನಲ್ಲಿ 180 ಪ್ರಶ್ನೆಗಳು, 180 ನಿಮಿಷ, 720 ಅಂಕ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ತಲಾ 45 ಪ್ರಶ್ನೆ, ಜೀವಶಾಸ್ತ್ರಕ್ಕೆ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಗೊತ್ತಿದ್ದ ಪ್ರಶ್ನೆಯನ್ನು ಅವಸರದಲ್ಲಿ ತಪ್ಪಾಗಿ ಓದಿದರೆ 5 ಅಂಕಗಳ ವ್ಯತ್ಯಾಸವಾಗುತ್ತದೆ. ಒಂದು ಪ್ರಶ್ನೆಗೆ ಸಿಗುವುದು ಸರಾಸರಿ ಒಂದು ನಿಮಿಷ; ಓಎಂಆರ್ ಹಾಳೆ ತುಂಬುವ ಸಮಯವೂ ಅದರಲ್ಲೇ ಸೇರಿದೆ. ಆದ್ದರಿಂದ ವೇಗವಾಗಿಯೂ ಗಮನವಿಟ್ಟೂ ಓದುವ ಅಭ್ಯಾಸ ಮೊದಲೇ ಆಗಿರಬೇಕು.

ಯಾವ ಪುಸ್ತಕ?

11 ಮತ್ತು 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳೇ ಬುನಾದಿ. ಇವು ಎನ್‌ಸಿಇಆರ್‌ಟಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಜೀವಶಾಸ್ತ್ರದ ಪುಸ್ತಕವನ್ನಂತೂ ಚಿತ್ರ, ಚಿತ್ರದ ಕೆಳಗಿನ ಸಾಲು, ಕೋಷ್ಟಕ, ಅಧ್ಯಾಯದ ಕೊನೆಯ ಸಾರಾಂಶ, ಯಾವುದನ್ನೂ ಬಿಡದೆ ಓದಬೇಕು. ನಾಲ್ಕು ಗೈಡ್‌ಗಳನ್ನು ಒಂದೊಂದು ಸಲ ಓದುವುದಕ್ಕಿಂತ ಒಂದೇ ಪುಸ್ತಕವನ್ನು ನಾಲ್ಕು ಸಲ ಓದುವುದು ಲೇಸು.

ಓದುವ ಕ್ರಮ

1. ಪದ ಬಿಡಿಸಿ ಓದಿ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳೇ ಮೊದಲ ತೊಡಕು. 'ಜೆನೆಸಿಸ್' ಎಂದರೆ ಉಂಟಾಗುವುದು, 'ಲೈಸಿಸ್' ಎಂದರೆ ಒಡೆಯುವುದು. ಇಷ್ಟು ತಿಳಿದರೆ ಗ್ಲೈಕೋಜೆನೆಸಿಸ್ ಎಂದರೆ ಗ್ಲೈಕೋಜನ್ ಉಂಟಾಗುವುದು, ಗ್ಲೈಕೋಜಿನೊಲೈಸಿಸ್ ಎಂದರೆ ಅದು ಒಡೆಯುವುದು ಎಂದು ತಾನಾಗಿ ಹೊಳೆಯುತ್ತದೆ. ಇನ್ಸುಲಿನ್ ಮೊದಲನೆಯದನ್ನೂ ಗ್ಲುಕಗಾನ್ ಎರಡನೆಯದನ್ನೂ ಪ್ರಚೋದಿಸುತ್ತದೆ ಎಂಬುದು ಮತ್ತೆ ಮರೆಯದು.

2. ಸಣ್ಣ ಪದಗಳಿಗೆ ಗೆರೆ ಎಳೆಯಿರಿ. 'ಎಲ್ಲ', 'ಬಹುತೇಕ', 'ಹೊರತುಪಡಿಸಿ', 'ತಪ್ಪಾದುದು' ಎಂಬ ಪದಗಳು ಉತ್ತರವನ್ನೇ ಬದಲಿಸುತ್ತವೆ. 'ಎಲ್ಲ ಅಪಧಮನಿಗಳೂ ಆಮ್ಲಜನಕಯುಕ್ತ ರಕ್ತವನ್ನು ಒಯ್ಯುತ್ತವೆ' ಎಂಬ ಹೇಳಿಕೆ ತಪ್ಪು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಒಯ್ಯುತ್ತದೆ.

3. 'ಏಕೆ' ಎಂದು ಕೇಳಿಕೊಳ್ಳಿ. ಹೇಳಿಕೆ ಮತ್ತು ಕಾರಣದ ಪ್ರಶ್ನೆಗಳಲ್ಲಿ ಎರಡೂ ನಿಜವಾಗಿದ್ದು, ಎರಡನೆಯದು ಮೊದಲನೆಯದಕ್ಕೆ ಕಾರಣವಲ್ಲದೆ ಇರಬಹುದು. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪ, ನಿಜ. ಅದರಲ್ಲಿ ಆಮ್ಲಜನಕಯುಕ್ತ ರಕ್ತವಿದೆ, ಅದೂ ನಿಜ. ಆದರೆ ಗೋಡೆ ದಪ್ಪಗಿರಲು ಕಾರಣ ಬೇರೆ: ಅದು ಇಡೀ ದೇಹಕ್ಕೆ ರಕ್ತವನ್ನು ತಳ್ಳಬೇಕು.

4. ಭೌತಶಾಸ್ತ್ರದಲ್ಲಿ ಮಾತನ್ನು ಲೆಕ್ಕಕ್ಕೆ ಇಳಿಸಿ. 'ನಿಶ್ಚಲ ಸ್ಥಿತಿಯಿಂದ ಹೊರಟಿತು' ಎಂದರೆ ಆರಂಭದ ವೇಗ ಸೊನ್ನೆ. 'ನೇರ ರೇಖೆಯಲ್ಲಿ ಒಂದೇ ವೇಗದಲ್ಲಿ ಚಲಿಸುತ್ತಿದೆ' ಎಂದರೆ ಒಟ್ಟು ಬಲ ಸೊನ್ನೆ. ಸೂತ್ರ ಹುಡುಕುವ ಮೊದಲು ಇದನ್ನು ಬರೆದುಕೊಳ್ಳಿ.

5. ಪುಸ್ತಕ ಮುಚ್ಚಿ ಬರೆಯಿರಿ. ಎರಡು ಪುಟ ಓದಿದ ಮೇಲೆ ನೆನಪಿರುವುದನ್ನು ಬರೆದು, ಪುಸ್ತಕ ತೆರೆದು ಹೋಲಿಸಿ. ಬಿಟ್ಟುಹೋದದ್ದನ್ನು ಮರುದಿನ, ವಾರದ ನಂತರ, ತಿಂಗಳ ನಂತರ ಮತ್ತೆ ಓದಿ.

6. ತಪ್ಪುಗಳನ್ನು ವಿಂಗಡಿಸಿ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದ ನಂತರ ಪ್ರತಿ ತಪ್ಪಿನ ಮುಂದೆ ಬರೆಯಿರಿ: ವಿಷಯ ಗೊತ್ತಿರಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದಿರಾ, ಲೆಕ್ಕ ತಪ್ಪಿತೇ? ಮೊದಲನೆಯದಕ್ಕೆ ಪುಸ್ತಕ, ಎರಡನೆಯದಕ್ಕೆ ತಾಳ್ಮೆಯ ಓದು, ಮೂರನೆಯದಕ್ಕೆ ಲೆಕ್ಕದ ಅಭ್ಯಾಸವೇ ಮದ್ದು. 2021ರಿಂದ 2024ರವರೆಗಿನ ಪತ್ರಿಕೆಗಳಲ್ಲಿ 200 ಪ್ರಶ್ನೆಗಳಿದ್ದು, 180ಕ್ಕೆ ಉತ್ತರಿಸಬೇಕಿತ್ತು ಎಂಬುದು ನೆನಪಿರಲಿ.

ಭಾಷೆಯ ಆಯ್ಕೆ

ನೀಟನ್ನು ಕನ್ನಡ, ಉರ್ದು ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಕನ್ನಡವನ್ನು ಆರಿಸಿಕೊಂಡವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರಶ್ನೆಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ. ಹೀಗಾಗಿ ಯಾವ ಭಾಷೆಯಲ್ಲಿ ಬರೆದರೂ ಇಂಗ್ಲಿಷ್ ಪಾರಿಭಾಷಿಕ ಪದಗಳ ಪರಿಚಯ ಬೇಕು.

ಹೆತ್ತವರಿಗೆ ಮತ್ತು ದಾನಿಗಳಿಗೆ

ಶಾಲೆಯ ಮೆಟ್ಟಿಲು ಹತ್ತದ ತಾಯಿಯೂ ಈ ತಯಾರಿಯಲ್ಲಿ ನೆರವಾಗಬಲ್ಲರು. ಮಗ್ರಿಬ್ ನಮಾಝಿನ ನಂತರ ಹತ್ತು ನಿಮಿಷ, ಅಂದು ಓದಿದ ಪಾಠವನ್ನು ಮನೆಮಾತಿನಲ್ಲಿ ವಿವರಿಸುವಂತೆ ಮಗಳನ್ನು ಕೇಳಲಿ. ಬ್ಯಾರಿಯಲ್ಲೋ ಉರ್ದುವಿನಲ್ಲೋ ಸರಳವಾಗಿ ಹೇಳಲು ಬಂದರೆ ಪಾಠ ಅರ್ಥವಾಗಿದೆ ಎಂದರ್ಥ. ಎಲ್ಲಿ ತಡವರಿಸುತ್ತಾಳೋ ಅಲ್ಲಿಂದ ಮತ್ತೆ ಓದಬೇಕು. ಓದುವ ಹೊತ್ತಿನಲ್ಲಿ ಟಿವಿ ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಮನೆಯವರೆಲ್ಲರ ಜವಾಬ್ದಾರಿ.

ದಾನಿಗಳಲ್ಲಿ ನಮ್ಮ ವಿನಂತಿ: ಶುಲ್ಕದ ನೆರವಿನ ಜೊತೆಗೆ ಒಂದು ಜೊತೆ ಪಠ್ಯಪುಸ್ತಕ, ಒಂದು ಮೇಜು, ಒಂದು ದೀಪವನ್ನೂ ನೆನಪಿಡಿ. ಆರು ಮಂದಿ ಒಂದೇ ಕೋಣೆಯಲ್ಲಿ ವಾಸಿಸುವ ಮನೆಯ ಮಗುವಿಗೆ ರಾತ್ರಿ ಎರಡು ತಾಸು ಶಾಂತವಾಗಿ ಕುಳಿತು ಓದುವ ಜಾಗ ದೊಡ್ಡ ನೆರವು.

ಮುಂದಿನ ಸಾಲಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವಿಜ್ಞಾನ ವಿದ್ಯಾರ್ಥಿಗಳು ಅಂಕಪಟ್ಟಿಯ ಜೊತೆ ತಮ್ಮ ಓದಿನ ಟಿಪ್ಪಣಿ ಪುಸ್ತಕವನ್ನೂ ಸಂದರ್ಶನಕ್ಕೆ ತರಬೇಕಾಗಿ ಕೋರುತ್ತೇವೆ. ಅದರಲ್ಲಿ ತಪ್ಪುಗಳಿದ್ದರೆ ಸಂಕೋಚ ಬೇಡ. ಅವುಗಳನ್ನು ಹೇಗೆ ತಿದ್ದಿಕೊಂಡಿದ್ದೀರಿ ಎಂಬುದನ್ನೇ ನಾವು ನೋಡುತ್ತೇವೆ.